ಕೆರೆ ದಾಟುವ ಪಂಥ

ಆಗಸ್ಟ್ 9

ಅಮ್ಮಾ,

ಮೊದಲೇ ಸಾರಿ ಕೇಳಿಬಿಡ್ತೀನಿ. ಭಾನುವಾರ ಫೋನಿನಲ್ಲಿ "ಎಲ್ಲಾ ಓಕೆ" ಅಂದವಳು ಎರಡೇ ದಿನಕ್ಕೆ ಕಾಗದ ಬರೆದರೆ ನಿನಗೆ ಗಾಬರಿಯಾಗುತ್ತೆ ಅಂತ ಗೊತ್ತು. ಗಾಬರಿ ಬೇಡ. ಏನೂ ಆಗಿಲ್ಲ. ಬರೆಯೋದೇ ಬೇಡ ಅಂತ ಪೆನ್ನಿನ ಮುಚ್ಚಳ ಹಾಕಿಟ್ಟು, ಮತ್ತೆ ತೆಗೆದೆ. ಇಲ್ಲಿ ನರ್ಸಿಂಗ್ ಹಾಸ್ಟೆಲಿನಲ್ಲಿ ಫಸ್ಟ್ ಇಯರ್‌ನವರ ಫೋನೆಲ್ಲ ಮೇಟ್ರನ್ ಬೀರುವಿನಲ್ಲಿ ಇರುತ್ತೆ. ಭಾನುವಾರ ಕೈಗೆ ಬಂದಾಗಲೂ ಎಲ್ಲರೂ ಅವರ ರೂಮಿನ ಎದುರೇ ಸಾಲಾಗಿ ನಿಂತು ಮಾತಾಡಬೇಕು. ಪಕ್ಕದವಳ ಮನೆಯ ನಾಯಿ ಮರಿ ಹಾಕಿದ್ದು ನನಗೆ ಗೊತ್ತು. ನಾನು ಅತ್ತರೆ ಅದು ಅವಳಿಗೆ ಗೊತ್ತಾಗದೆ ಇರುತ್ತಾ?

ರೂಮಿನಲ್ಲಿ ಆರು ಮಂಚ. ನನ್ನದು ಕಿಟಕಿ ಪಕ್ಕ. ಲಕ್ಕಿ ಅಂತಾರೆ ಎಲ್ಲರೂ. ಪೇಂಟ್ ಮಾಡಿದವನು ಚೌಕಟ್ಟು, ಬಾಗಿಲು ಎರಡನ್ನೂ ಸೇರಿಸಿ ಬಳಿದುಬಿಟ್ಟಿದ್ದಾನೆ, ಅದು ತೆಗೆಯೋಕೆ ಬರಲ್ಲ. ಗಾಜಿನ ಆಚೆ ನೀರಿನ ಟ್ಯಾಂಕು, ಅದರ ಆಚೆ ಕಾಂಪೌಂಡು. ಏಳೋಕೆ ಬೆಲ್, ಸ್ನಾನಕ್ಕೆ ಬೆಲ್, ತಿಂಡಿಗೆ ಬೆಲ್. ನಮ್ಮ ರೂಮಿನಲ್ಲೊಬ್ಬಳು ಬೆಲ್ ಆಗೋ ಮೊದಲೇ ಎದ್ದು ಕೂತಿರ್ತಾಳೆ, ಅವಳಿಗೆ ಅಲಾರಂ ಅಂತಲೇ ಹೆಸರು. "ಅಷ್ಟು ಬೇಗ ಯಾಕೆ ಏಳ್ತೀಯೇ?" ಅಂದರೆ, "ಬೆಲ್ ಬಂದು ಎಬ್ಬಿಸಿದರೆ ನಾನು ಅದರ ಆಳು. ಮೊದಲೇ ಎದ್ದರೆ ನನ್ನಿಷ್ಟ" ಅಂತಾಳೆ. ನನಗೆ ಆ ಬುದ್ಧಿ, ಸ್ಕೂಲಿನಿಂದ ಹತ್ತು ವರ್ಷ ಹಾಸ್ಟೆಲಿನಲ್ಲಿದ್ದರೂ ಬರಲಿಲ್ಲ.

ಸರಿ, ವಿಷಯಕ್ಕೆ ಬರ್ತೀನಿ. ಜುಲೈನಲ್ಲಿ ಗೇಟಿನ ಹತ್ತಿರ ನಾನು ನಿನ್ನ ಬ್ಯಾಗ್ ಹಿಡಿದು ಎಳೆದಾಗ ಪಂಥ ಕಟ್ಟಿದೆಯಲ್ಲ: ನೀನು ಈಜು, ಸೈಕಲ್, ಓಟ ಮೂರೂ ಇರೋ ಟ್ರಯಾಥ್ಲಾನಿಗೆ ರೆಡಿಯಾಗೋದು, ನಾನು ಇಲ್ಲಿ ವರ್ಷ ಮುಗಿಸೋದು. ನೀನು ಕೈಬಿಟ್ಟ ದಿನ ನಾನೂ ಗಂಟುಮೂಟೆ ಕಟ್ಟಿಕೊಂಡು ಬರಬಹುದು. ಅದರ ಬಗ್ಗೆನೇ ಕೇಳೋಣ ಅಂತ. ನೀರಿಗೆ ಇಳಿದೆಯಾ? ನಿನಗೆ ಬಕೆಟ್ಟಿನ ನೀರು ಮುಖದ ಮೇಲೆ ಬಿದ್ದರೂ ಉಸಿರು ಕಟ್ಟುತ್ತಲ್ಲ. ಕಷ್ಟ ಆದರೆ ಬಲವಂತ ಮಾಡಿಕೊಳ್ಳಬೇಡ. ನಾನೇನೂ ಆಡಿಕೊಳ್ಳಲ್ಲ. ಪ್ರಾಮಿಸ್.

ನಿನ್ನ ಮಗಳು

---

ಆಗಸ್ಟ್ 17

ಮಗಳೇ,

ಕಾಗದ ಬಂತು. "ಪಾಪ, ಅಮ್ಮನ ಮೇಲೆ ಎಷ್ಟು ಕಾಳಜಿ ನೋಡು" ಅಂತ ನಿಮ್ಮಪ್ಪ ಕಣ್ಣೊರೆಸಿಕೊಂಡರು. ನಾನು ನಿನ್ನ ಹೆತ್ತವಳು, ನಂಬಲಿಲ್ಲ. ನಾನು ಯಾವತ್ತು ಬಿಡ್ತೀನೋ ಅಂತ ಗೂಟ ಹೊಡ್ಕೊಂಡು ಕಾಯ್ತಿದ್ದೀಯ. ಕಾಯಿ.

ಇಳಿದೆ ಕಣೇ ನೀರಿಗೆ. ಮೊದಲ ವಾರ ಪೂಲಿಗೆ ಇಳಿಯೋದು, ಅಂಚಿನ ಕಂಬಿ ಹಿಡಿಯೋದು, ಹತ್ತೋದು, ಇಷ್ಟೇ. ಹೇಳಿಕೊಡೋರು ರಿಟೈರ್ ಆದ ಹೆಂಗಸು, ಎಲ್ಲರೂ ಕೋಚಮ್ಮ ಅಂತಾರೆ. ಕೊರಳಲ್ಲಿ ಸೀಟಿ, ಬಾಯಲ್ಲಿ ಬೆಂಕಿ. "ಏನಮ್ಮಾ, ಕಂಬೀನ ಮನೆಗೆ ತಗೊಂಡು ಹೋಗ್ತೀರಾ?" ಅಂದರು ಎಲ್ಲರೆದುರು. ನನ್ನ ಪಕ್ಕದಲ್ಲಿ ಈಜು ಕಲಿಯೋ ಮಕ್ಕಳು ಸೊಂಟಕ್ಕೆ ರಬ್ಬರ್ ಬಾತುಕೋಳಿ ಕಟ್ಟಿಕೊಂಡು ನನ್ನ ದಾಟಿಕೊಂಡು ಹೋಗ್ತವೆ. ಒಂದು ಚಿಕ್ಕದು ನಿಂತು ಕೇಳಿತು, "ಆಂಟಿ, ನೀವು ಲೈಫ್‌ಗಾರ್ಡಾ?" ಒಂದೇ ಕಡೆ ನಿಂತಿರ್ತೀನಲ್ಲ, ಅದಕ್ಕೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬೆಳಗಿಂದ ಸಂಜೆವರೆಗೆ "ನಮ್ಮ ಬೀದಿಗೆ ನೀರು ಬಂದಿಲ್ಲ" ಅಂತ ಊರವರ ಹತ್ತಿರ ಬೈಸಿಕೊಳ್ಳೋದು. ಅದು ಮುಗಿಸಿ ಸಂಜೆ ಹೋಗಿ ಅದೇ ನೀರಲ್ಲಿ ಮುಳುಗೋದು. ಆಫೀಸಿನ ಚೆಕಪ್ಪಿನಲ್ಲಿ ಡಾಕ್ಟರು ನನ್ನ ಬಿಪಿ ನೋಡಿ ಮಿಷನ್ನೇ ಕೆಟ್ಟಿದೆ ಅಂತ ಇನ್ನೊಂದು ತರಿಸಿದರು. ಎರಡನೇದೂ ಅದನ್ನೇ ಹೇಳಿತು. ಆದ್ದರಿಂದ ಪಂಥ ಇರಲಿ, ಬಿಡಲಿ, ನಾನು ಏನಾದರೂ ಮಾಡಲೇಬೇಕಿತ್ತು. ನೀನು ಒಂದು ನೆಪ.

ಕಿಟಕಿ ವಿಷಯ ಮೇಟ್ರನ್ನಿಗೆ ಹೇಳು. ಮೂತಿ ಉಬ್ಬಿಸಿಕೊಂಡು ಕೂತರೆ ಕಿಟಕಿ ತೆಗೆಯಲ್ಲ. ಒಂದು ವರ್ಷ ತಾನೇ?

ಅಮ್ಮ

ಅಪ್ಪನ ಎರಡು ಸಾಲು: ಪುಟ್ಟೀ, ನಿಮ್ಮಮ್ಮನಿಗೆ ಕನ್ನಡಕ ತೆಗೆದರೆ ನೀರೂ ಕಾಣಲ್ಲ, ಗೋಡೆಯೂ ಕಾಣಲ್ಲ. ನಮ್ಮ ಕನ್ನಡಕದ ಅಂಗಡಿಯಲ್ಲೇ ಕೂತು ಈಜು ಕನ್ನಡಕಕ್ಕೆ ಪವರ್ ಕೂರಿಸಿಕೊಟ್ಟಿದ್ದೀನಿ. ಈಗ ಆಳ ಎಷ್ಟಿದೆ ಅಂತ ಚೆನ್ನಾಗಿ ಕಾಣಿಸ್ತಿದೆಯಂತೆ, ಭಯ ಇನ್ನೂ ಜಾಸ್ತಿಯಾಗಿದೆಯಂತೆ. ಬೈಗುಳ ನನಗೆ.

---

ಸೆಪ್ಟೆಂಬರ್ 5

ಅಮ್ಮಾ,

ಇವತ್ತು ವಾರ್ಡಿನಲ್ಲಿ ಮೊದಲ ಇಂಜೆಕ್ಷನ್. ಬೊಂಬೆಗೆ ಅಲ್ಲ, ನಿಜವಾದ ಮನುಷ್ಯರಿಗೆ. ಬೆಡ್ಡಿನಲ್ಲಿ ಒಬ್ಬ ಅಜ್ಜಿ. ನಾನು ಸಿರಿಂಜ್ ಹಿಡಿದು ನಿಂತೇ ಇರೋದು ನೋಡಿ ತಾವೇ ತೋಳು ಮೇಲೆ ಮಾಡಿ, "ನಾನು ರೆಡಿ ಮಗಾ. ನೀನು ರೆಡಿನಾ, ಇಲ್ಲ ಒಂದು ನಿದ್ದೆ ಮಾಡಿ ಏಳಲಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚುಚ್ಚಿದೆ, ಸರಿಯಾಗೇ ಚುಚ್ಚಿದೆ, ಸಿಸ್ಟರ್ ಗುಡ್ ಅಂದರು. ಅಜ್ಜಿ ಕೆನ್ನೆ ತಟ್ಟಿದರು.

ಅಂದರೆ ನನಗೆ ಈ ಕೆಲಸ ಆಗಲ್ಲ ಅಂತಲ್ಲ. ಅದನ್ನು ನೀನು ಅರ್ಥ ಮಾಡ್ಕೋಬೇಕು. ವಾರ್ಡಿನಲ್ಲಿ ನಾನು ಪರವಾಗಿಲ್ಲ. ಡ್ಯೂಟಿ ಮುಗಿಸಿ ಹಾಸ್ಟೆಲಿನ ಗೇಟು ಹಿಂದಿನಿಂದ ಮುಚ್ಚಿಕೊಳ್ಳುತ್ತಲ್ಲ, ಆಗ ಶುರುವಾಗುತ್ತೆ. ಎದೆಯ ಮೇಲೆ ಯಾರೋ ಟ್ರಂಕು ಇಟ್ಟ ಹಾಗೆ. ಊಟಕ್ಕೆ ಸಾಲು, ತಟ್ಟೆ ತೊಳೆಯೋಕೆ ಸಾಲು, ಬಾತ್‌ರೂಮಿಗೆ ಸಾಲು. ಯಾವ ಸಾಲಿನಲ್ಲಿ ನಿಂತಿದ್ದೀನಿ ಅಂತ ಒಮ್ಮೊಮ್ಮೆ ಮರೆತುಹೋಗುತ್ತೆ. ಕಿಟಕಿ ಬಗ್ಗೆ ಹೇಳಿದೆ. "ಕಿಟಕಿ ತೆಗೆದರೆ ಸೊಳ್ಳೆ ಬರುತ್ತೆ" ಅಂದರು ಮೇಟ್ರನ್. ಮುಗೀತು.

"ಒಂದು ವರ್ಷ ತಾನೇ" ಅಂತ ಬರೆದಿದ್ದೀಯ. ಮೂರನೇ ಕ್ಲಾಸಿಗೆ ಟ್ರಂಕು ಹೊರಿಸಿ ಕಳಿಸುವಾಗಲೂ ಅದನ್ನೇ ಅಂದಿದ್ದೆ. ಆಮೇಲೆ ಪ್ರತಿ ಜೂನ್‌ನಲ್ಲೂ ಅಂದೆ. ಆಗ ನಿನ್ನ ಶಿಫ್ಟು, ಅಪ್ಪನ ಅಂಗಡಿ, ಮನೆಯಲ್ಲಿ ನೋಡಿಕೊಳ್ಳೋರು ಇಲ್ಲ. ಸರಿ, ಒಪ್ಪಿದೆ. ಈಗ ನನ್ನ ಯಾರು ನೋಡಿಕೊಳ್ಳಬೇಕು? ನಮ್ಮನೆಗೆ ಎರಡೇ ಬಸ್ಸು ದೂರದಲ್ಲಿ ನರ್ಸಿಂಗ್ ಕಾಲೇಜಿದೆ, ಜನವರಿಯಲ್ಲೇ ಅಲ್ಲಿಗೆ ಟ್ರಾನ್ಸ್‌ಫರ್ ಕೊಡ್ತಾರೆ, ಆಫೀಸಿನಲ್ಲಿ ವಿಚಾರಿಸಿದ್ದೀನಿ. ನವೆಂಬರ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ತರಗತಿಗಳನ್ನ ಅಲ್ಲೇ ಮುಂದುವರಿಸಬಹುದು. ಆದರೆ ನಿನ್ನ ಪಂಥ ಇದೆಯಲ್ಲ.

ನಿಜ ಹೇಳು. ನೀನು ಯಾವತ್ತಾದರೂ ಬಿಡ್ತೀಯಾ?

ನಿನ್ನ ಮಗಳು

---

ಸೆಪ್ಟೆಂಬರ್ 24

ಮಗಳೇ,

ತಡವಾಯಿತು. ಮೇನ್ ಪೈಪು ಒಡೆದ ವಾರ, ಇಡೀ ಊರು ನನ್ನ ಕಿವಿಯಲ್ಲೇ ಕೂತಿತ್ತು.

ನಿನ್ನ ರೂಮಿನ ಮಂಚ ಮಡಚಿ ಗೋಡೆಗೆ ಒರಗಿಸಿದ್ದೀನಿ. ಅಲ್ಲೀಗ ಸೈಕಲ್ಲು. ಹಿಂದಿನ ಗಾಲಿಗೆ ಸ್ಟ್ಯಾಂಡ್ ಹಾಕಿದರೆ ಕೂತಲ್ಲೇ ತುಳೀಬಹುದು. ಕೆಳಗಡೆ ಮನೆಯವರು ಬಂದು, "ಏನ್ರೀ, ಮೇಲೆ ಹಿಟ್ಟಿನ ಗಿರಣಿ ಇಟ್ಟಿದ್ದೀರಾ?" ಅಂದರು. ನಿಮ್ಮಪ್ಪ "ಹೌದು, ಹೆಂಡತಿಯನ್ನೇ ಬೀಸ್ತಿದ್ದೀನಿ" ಅಂದರು. ಎಂಥಾ ಗಂಡ!

ಓಟ ಮಾತ್ರ ನೋಡೋ ಹಾಗಿಲ್ಲ. ನಾನು ಓಡುವಾಗ ನಡೆದುಕೊಂಡು ಹೋಗೋರು ನನ್ನ ದಾಟಿ ಹೋಗಿ ತಿರುಗಿ ನೋಡಿ ನಗ್ತಾರೆ. ಆದರೂ ಓಡ್ತೀನಿ. ಮೂರನ್ನೂ ಒಂದರ ಹಿಂದೆ ಒಂದು ಮಾಡಬೇಕು: ಮೊದಲು ಕೆರೆಯಲ್ಲಿ ಈಜಿ, ಮೈ ಒದ್ದೆ ಇರುವಾಗಲೇ ಸೈಕಲ್ ಹತ್ತಿ, ಇಳಿದು ಓಡಬೇಕು. ಡಿಸೆಂಬರಿನ ಮೊದಲ ಭಾನುವಾರ.

ಇನ್ನೊಂದು ಹೇಳ್ತೀನಿ, ಯಾರಿಗೂ ಹೇಳಬೇಡ. ಹೋದ ಗುರುವಾರ ಕೋಚಮ್ಮ ಕಂಬಿಯಿಂದ ನನ್ನ ಬೆರಳು ಬಿಡಿಸಿದರು. ಒಂದೊಂದೇ ಬೆರಳು, ಮಗುವಿನ ಮುಷ್ಟಿ ಬಿಡಿಸಿದ ಹಾಗೆ. ಮುಳುಗಿದೆ. ನೀರಿನ ಕೆಳಗೆ ಏನೂ ಕೇಳಿಸಲಿಲ್ಲ ಕಣೇ. ಯಾರೂ ಬೈಯಲಿಲ್ಲ, ಯಾರೂ ಕರೆಯಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಕಿವಿಯಲ್ಲಿ ಯಾರೋ ಒಬ್ಬರು ಇದ್ದೇ ಇದ್ದರು. ಅವತ್ತು ಇರಲಿಲ್ಲ. ಮೇಲೆ ಬಂದ ಮೇಲೆ ಅಳು ಬಂತು. ನೀರಲ್ಲಿದ್ದೆ, ಯಾರಿಗೂ ಗೊತ್ತಾಗಲಿಲ್ಲ.

ರಜಕ್ಕೆ ಬಾ, ಮಾತಾಡೋಣ.

ಅಮ್ಮ

ಅಪ್ಪನ ಸಾಲು: ಪುಟ್ಟೀ, ಹಾಲ್‌ನಲ್ಲಿ ಹಾಕೋಕೆ ನಿನಗೆ ಹೊಸ ಹಾಸಿಗೆ ತಂದಿದ್ದೀನಿ. ಮಂಚಕ್ಕಿಂತ ಮೆತ್ತಗಿದೆ. ಕೋಪ ಬೇಡ.

---

ಅಕ್ಟೋಬರ್ 19

ಅಮ್ಮಾ,

ಆರಾಮಾಗಿ ತಲುಪಿದೆ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಬಿಸ್ಕೆಟ್ಟು ಮೊದಲ ದಿನವೇ ರೂಮಿನವರ ಪಾಲಾಯಿತು.

ನಾಲ್ಕು ದಿನ ಮನೆಯಲ್ಲಿದ್ದದ್ದು ಚೆನ್ನಾಗಿತ್ತು. ನಾವು ಏನೂ ಮಾತಾಡಲಿಲ್ಲ ಅಂತ ನೀನು ಬೇಜಾರು ಮಾಡ್ಕೋಬೇಡ. ಮಾತಾಡೋಕೆ ಅಂಥದ್ದೇನೂ ಇರಲಿಲ್ಲ. ನನಗೆ ಇಲ್ಲಿ ಒಗ್ಗಿಹೋಗಿದೆ. ಕ್ಲಾಸುಗಳು ಇಂಟರೆಸ್ಟಿಂಗ್ ಆಗಿವೆ. ಊಟ ಇಂಪ್ರೂವ್ ಆಗಿದೆ. ಮೇಟ್ರನ್ ಒಳ್ಳೆಯವರು. ಟ್ರಾನ್ಸ್‌ಫರ್ ವಿಚಾರ ಬಿಟ್ಟುಬಿಡು, ಅದು ಆಗಿನ ಮೂಡಿನಲ್ಲಿ ಬರೆದದ್ದು.

ನೀನು ಪ್ರಾಕ್ಟೀಸ್ ತಪ್ಪಿಸಬೇಡ. ಕೆರೆಯಲ್ಲಿ ಗೋಡೆ ಇರಲ್ಲ, ಕಂಬಿ ಇರಲ್ಲ, ಒಂದೆರಡು ಸಲ ಅಲ್ಲಿಗೇ ಹೋಗಿ ಈಜು ಅಂತ ಕೋಚಮ್ಮ ಹೇಳಿದ್ದಾರಂತಲ್ಲ, ಹೋಗು. ಆಲ್ ದಿ ಬೆಸ್ಟ್.

ನಿನ್ನ ಮಗಳು

---

ನವೆಂಬರ್ 6

ಮಗಳೇ,

ನನ್ನ ಮೊಣಕಾಲು ಹಿಡ್ಕೊಂಡಿದೆ. ಓಡುವಾಗ ಏನೋ ಕಳಕ್ ಅಂತು. ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂತ ಎಲ್ಲರೂ ಮೊದಲೇ ಅಂದಿದ್ದರು, ನಾನೇ ಕೇಳಲಿಲ್ಲ. ಡಿಸೆಂಬರ್ ಹೊತ್ತಿಗೆ ಸರಿಹೋಗೋ ಹಾಗೆ ಕಾಣಲ್ಲ. ಕೋಚಮ್ಮನಿಗೆ ಹೇಳಿಬಿಡ್ತೀನಿ.

ಅಲ್ಲಿಗೆ ಪಂಥ ನೀನು ಗೆದ್ದೆ. ನಮ್ಮ ಮನೆಯಲ್ಲಿ ಸೋತವರು ಮಾತು ತಪ್ಪಿದ್ದಿಲ್ಲ. ಟ್ರಾನ್ಸ್‌ಫರ್ ಅರ್ಜಿಗೆ ನನ್ನ ಸಹಿ ಬೇಕಿದ್ದರೆ ಕಳಿಸು. ಸೈಕಲ್ಲು ತೆಗೆಸಿ ಮಂಚ ಹಾಕಿಸ್ತೀನಿ. ಖುಷಿಯಾಯಿತಾ?

ಈಜು ಕೂಡ ಹೇಳಿಕೊಳ್ಳೋ ಹಾಗೇನೂ ಇರಲಿಲ್ಲ ಬಿಡು.

ಅಮ್ಮ

---

ನವೆಂಬರ್ 7

ಪುಟ್ಟೀ,

ಇದು ನಾನು, ಅಪ್ಪ. ಅಂಗಡಿಯಿಂದ ಬರೀತಿದ್ದೀನಿ, ನಿಮ್ಮಮ್ಮನಿಗೆ ಗೊತ್ತಿಲ್ಲ. ಗೊತ್ತಾದರೆ ನನ್ನ ಮೊಣಕಾಲು ನಿಜವಾಗಿ ಹೋಗುತ್ತೆ.

ನಿನ್ನೆ ಮನೆಯ ಲಿಫ್ಟು ಕೆಟ್ಟಿತ್ತು. ಮೊಣಕಾಲು ನೋವಿನವಳು ಗ್ಯಾಸ್ ಸಿಲಿಂಡರಿಗೆ ಒಂದು ಕೈ ಕೊಟ್ಟು ನನ್ನ ಜೊತೆ ನಾಲ್ಕನೇ ಮಹಡಿ ಹತ್ತಿದಳು. ನಾನು ಎರಡನೇ ಮಹಡಿಯಲ್ಲಿ ಕೂತೆ, ಅವಳು "ಏಳ್ರೀ" ಅಂದಳು. ಹೋದ ಭಾನುವಾರ ಕೆರೆಗೆ ಕರೆದುಕೊಂಡು ಹೋಗಿದ್ದೆ. ಆ ದಡದಿಂದ ಈ ದಡಕ್ಕೆ ಬಂದಳು. ದೂರದಲ್ಲಿ ಅವಳ ಹಳದಿ ಟೋಪಿ ಮಾತ್ರ ಕಾಣ್ತಿತ್ತು. ನಾನು ದಡದ ಮೇಲೆ ಅದರ ಜೊತೆಜೊತೆಗೇ ನಡೆದೆ, ಕಾಲು ಕೆಸರಿಗೆ ಹೋಗಿದ್ದೂ ಗೊತ್ತಾಗಲಿಲ್ಲ. ಮೇಲೆ ಬಂದು ಟವಲ್ ಸುತ್ತಿಕೊಂಡು ಕೂತಳು. ನಗ್ತಿದ್ದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಿನ್ನ ಅಕ್ಟೋಬರಿನ ಕಾಗದ ಬ್ಯಾಗಿನಿಂದ ತೆಗೆದು, "ಇದರಲ್ಲಿ ಒಂದು ಗೊಣಗಾಟವೂ ಇಲ್ಲ ನೋಡ್ರೀ" ಅಂದಳು. ದಾರಿಯುದ್ದಕ್ಕೂ ಅದನ್ನ ಮಡಚೋದು, ಬಿಚ್ಚೋದು. ಮಾರನೇ ದಿನ ಮೊಣಕಾಲು ನೋವು ಶುರು.

ನನಗೆ ನಿಮ್ಮಿಬ್ಬರ ಲೆಕ್ಕಾಚಾರ ಅರ್ಥವಾಗಲ್ಲ. ಕಂಡದ್ದು ಹೇಳಿದೆ.

ಅಪ್ಪ

---

ನವೆಂಬರ್ 11

ಅಮ್ಮಾ,

ನಿನ್ನ ಕಾಗದ ಊಟದ ಸಾಲಿನಲ್ಲಿ ನಿಂತಿದ್ದಾಗ ಬಂತು. ಓದಿ ಅಲ್ಲೇ ತಟ್ಟೆ ಬಿಟ್ಟು ಮೇಲೆ ಓಡಿದೆ. ಅಲಾರಂ ಹಿಂದೆಯೇ ಬಂದಳು, ಯಾರಾದರೂ ಹೋಗಿಬಿಟ್ಟರೇನೋ ಅಂತ. "ಇಲ್ಲ ಕಣೇ, ನಾನು ಹೋಗ್ತಿದ್ದೀನಿ, ಮನೆಗೆ" ಅಂದೆ. ಇಬ್ಬರೂ ಮಂಚದ ಮೇಲೆ ಹತ್ತಿ ಕುಣಿದೆವು. ಟ್ರಂಕು ಎಳೆದು ಬಟ್ಟೆ ತುಂಬಿದೆ, ಮಡಚದೇನೇ. ಅರ್ಜಿಯ ಫಾರಂ ತಂದೆ. ಕಾರಣ ಅಂತ ಇರೋ ಕಡೆ "ತಾಯಿಯ ಅನಾರೋಗ್ಯ" ಅಂತ ಬರೆದೆ. ಅದನ್ನು ಬರೆಯುವಾಗ ನನಗೆ ಖುಷಿಯಾಗ್ತಿತ್ತು ಅಮ್ಮಾ. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ, ಆ ಖುಷಿ ಆದ ರೀತಿ.

ಎರಡು ದಿನ ಬಿಟ್ಟು ಅಪ್ಪನ ಕಾಗದ ಬಂತು. ಹೌದು, ಅಪ್ಪ ಬರೆದರು. ಬೈಯಬೇಡ.

ಅಕ್ಟೋಬರಿನಲ್ಲಿ ನಾನು ಬರೆದದ್ದೆಲ್ಲ ಸುಳ್ಳು. ನಿನಗೆ ಗೊತ್ತಾಯಿತಲ್ಲ, ಗೊತ್ತಾಗುತ್ತೆ ಅಂತ ನನಗೇ ಯಾಕೆ ಹೊಳೆಯಲಿಲ್ಲವೋ. ರಜದಲ್ಲಿ ಒಂದು ಸಂಜೆ ನಾನು ಹಾಲ್‌ನಲ್ಲಿ ಮಲಗಿದ್ದೆ, ನೀನು ಪೂಲ್‌ನಿಂದ ಬಂದೆ. ನಾನು ನಿದ್ದೆ ಮಾಡ್ತಿದ್ದೀನಿ ಅಂತ ನೀನು ಅಂದುಕೊಂಡೆ. ಕೂದಲಿಂದ ನೀರು ತೊಟ್ಟಿಕ್ಕುತ್ತಾ ಅಡುಗೆಮನೆಯಲ್ಲಿ ನಿಂತು, ತಂಗಳು ಅನ್ನ ಪಾತ್ರೆಯಿಂದಲೇ ತಿಂದೆ, ಗುನುಗಿಕೊಂಡು. ನೀನು ಗುನುಗಿದ್ದು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಆಫೀಸಿನಿಂದ ಯಾರೋ ಫೋನ್ ಮಾಡಿದರು, "ಹಾಂ ಸರ್, ಹೇಳಿ ಸರ್" ಅಂದೆ, ನಿನ್ನ ಭುಜ ತಾನಾಗೇ ಮೇಲಕ್ಕೆ ಹೋಗಿ ಕಿವಿಗೆ ಅಂಟಿಕೊಂಡಿತು. ಆ ಭುಜ ನನಗೆ ಗೊತ್ತು. ಬೆಲ್ ಆದಾಗ ನನಗೂ ಹಾಗೇ ಆಗುತ್ತೆ.

ನೀನು ಬಿಡಲಿ ಅಂತ ಆಗಸ್ಟಿನಿಂದ ಬಯಸಿದವಳು ನಾನು. ಅವತ್ತು ಬಯಸೋಕೆ ಆಗಲಿಲ್ಲ. ಅದಕ್ಕೇ ಹಾಗೆ ಬರೆದೆ. ಈಗ ನೀನು ನೋಡಿದರೆ ಮೊಣಕಾಲು ಅಂತೀಯ.

ಅಮ್ಮಾ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಯಾರನ್ನೂ ಏನೂ ಕೇಳಿಯೇ ಇಲ್ಲ ಅಲ್ವಾ? ಪಾತ್ರೆ ಯಾರು ತೊಳೀಬೇಕು, ಪಂಥ. ಅಪ್ಪ ಸಿಗರೇಟು ಬಿಡಬೇಕು, ಪಂಥ. ನಾನು ಹಾಸ್ಟೆಲಿನಲ್ಲಿ ಅಳದೆ ಇರಬೇಕು, ಅದಕ್ಕೂ ಪಂಥ. ಗೆದ್ದರೆ ಸೈಕಲ್ ಕೊಡಿಸ್ತೀನಿ ಅಂದಿದ್ದೆ ನೀನು, ನಾನು ಗೆದ್ದೆ, ನೀನು ಕೊಡಿಸಿದೆ. ನಾನು ಅಳೋದೇ ನಿಲ್ಲಿಸಿಬಿಟ್ಟೆ ಅಂತ ನೀವಿಬ್ಬರೂ ಅಂದುಕೊಂಡಿರಿ. ಸೋಲಬಾರದು ಅಂತ ಅಷ್ಟೇ ಅಳದೆ ಇದ್ದೆ.

ಈ ಸಲವೂ ನಾನು ಗೆದ್ದು ಬಂದರೆ ಏನಾಗುತ್ತೆ ಹೇಳಲಾ? ನನ್ನ ಮಂಚ ಹಾಕ್ತೀಯ. ಸೈಕಲ್ಲು ಯಾರಿಗೋ ಕೊಡ್ತೀಯ. ನಾನು ದಿನಾ ಬೆಳಗ್ಗೆ ಎದ್ದು ಕಾಲೇಜಿಗೆ ಹೋಗೋವಾಗ ನೀನು ಹೆಡ್‌ಫೋನ್ ಬ್ಯಾಗಿಗೆ ಹಾಕಿಕೊಳ್ತಿರ್ತೀಯ. ಕಾಲು ಕುಂಟೋದು ಯಾವಾಗ ನಿಲ್ಲಿಸಬೇಕು ಅಂತ ನಿನಗೂ ಗೊತ್ತಾಗಲ್ಲ. ಕುಂಟದೆ ಇದ್ದರೆ ನಾನು ನೋಡಿಬಿಡ್ತೀನಿ ಅಂತ ಕುಂಟುತ್ತಲೇ ಇರ್ತೀಯ. ನಾನು ನೋಡಿಯೂ ನೋಡದ ಹಾಗೆ ಇರ್ತೀನಿ. ಅದು ಇನ್ನೊಂದು ಹಾಸ್ಟೆಲ್ ಆಗುತ್ತೆ, ಈ ಸಲ ಮೂವರೂ ಒಳಗೆ.

ಬೇಡ. ಫಾರಂ ಹರಿದು ಇನ್ನೊಂದು ತಂದೆ. ಕ್ಲರ್ಕ್ ಮುಖ ನೋಡಿದರು, "ಏನಮ್ಮಾ, ತಾಯಿ ಹುಷಾರಾದರಾ?" ಅಂದರು. "ಹ್ಞೂಂ ಸರ್, ಚೆನ್ನಾಗಿದ್ದಾರೆ" ಅಂದೆ. ಕಾರಣದ ಜಾಗ ಈಗ ಖಾಲಿ ಇದೆ. ಅಲ್ಲಿ ಏನು ಬರೀಬೇಕು ಅಂತ ನನಗೆ ಗೊತ್ತಿದೆ, ಆದರೆ ನಿನ್ನ ಕೇಳದೆ ಬರೆಯೋಕೆ ಧೈರ್ಯ ಸಾಲದು. ಟ್ರಂಕಿನ ಬಟ್ಟೆ ಹಾಗೇ ಇದೆ. ಹೊರಗೂ ತೆಗೆದಿಲ್ಲ, ಮುಚ್ಚಳವೂ ಹಾಕಿಲ್ಲ. ರಾತ್ರಿ ಮೇಟ್ರನ್ ರೌಂಡ್ಸಿಗೆ ಬಂದಾಗ ಅಲಾರಂ ಅದರ ಮೇಲೆ ಕೂತು ಓದೋ ನಾಟಕ ಆಡ್ತಾಳೆ.

ನಾನು ಇದುವರೆಗೆ ನಿನ್ನ ಕೈ ಹಿಡಿದು ಎಳೆದಿದ್ದೀನಿ, ಅತ್ತಿದ್ದೀನಿ, ಜಗಳ ಆಡಿದ್ದೀನಿ, ನೀನು ಸೋಲಲಿ ಅಂತ ಕಾದಿದ್ದೀನಿ. ಕೇಳಿಲ್ಲ. ಕೇಳಿದರೆ ನೀನು ಬೇಡ ಅನ್ನಬಹುದು ಅನ್ನೋ ಭಯ. ಹತ್ತು ವರ್ಷದಿಂದ ಅದೊಂದೇ ಭಯ ನನಗೆ, ಉಳಿದದ್ದೆಲ್ಲ ಅದರ ಮರಿಗಳು. ಶಿಫ್ಟು, ಅಂಗಡಿ ಎಲ್ಲ ನೆಪ, ಮನೆಯಲ್ಲಿ ನಾನು ಇಲ್ಲದಿದ್ದರೇ ನಿಮಗೆ ಅನುಕೂಲವೇನೋ ಅಂತ. ಈ ಸಾಲನ್ನ ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೀನಿ, ನೋಡು.

ನೀನು ಡಿಸೆಂಬರಿನಲ್ಲಿ ಕೆರೆಗೆ ಇಳಿ. ಈಜು, ತುಳಿ, ಓಡು, ಎಲ್ಲರೂ ಮನೆಗೆ ಹೋದ ಮೇಲೆ ಮುಗಿಸಿದರೂ ಸರಿ. ಅದು ನಿನ್ನದು. ಅದಕ್ಕೂ ನನಗೂ ಸಂಬಂಧ ಇಲ್ಲ. ಪಂಥ ಇಲ್ಲ, ಗೆದ್ದವರು ಸೋತವರು ಇಲ್ಲ. ಈಗ ಸುಮ್ಮನೆ ಕೇಳ್ತಿದ್ದೀನಿ: ನೀನು ಕೆರೆ ದಾಟಿದರೂ ನಾನು ಮನೆಗೆ ಬರಲಾ?

ಅರ್ಜಿ ಕೊಡೋಕೆ ಇಪ್ಪತ್ತನೇ ತಾರೀಕು ಕೊನೆ. ಬಾ ಅಂತಾದರೂ ಬರಿ, ಬೇಡ ಅಂತಾದರೂ ಬರಿ. ದಯವಿಟ್ಟು ಬೇಗ ಬರಿ.

ನಿನ್ನ ಮಗಳು